ದಿನಕ್ಕೆ ಎಷ್ಟು ಪೊಟ್ಟಣ ಮಾರಿದರೆ ಗಿಟ್ಟುತ್ತೆ?

ಕಾಫಿ ಪುಡಿ ಅಂಗಡಿ ಇಡುವ ವಿಷಯಕ್ಕೆ ಜಗಳವಾಗಿ ನನ್ನ ಬಳಿ ಸಲಹೆಗೆ ಬಂದ ದಂಪತಿಯ ಕಥೆ ಇದು. ಅವರ ಗುರುತು ಸಿಗದಂತೆ ವಯಸ್ಸು, ಬೀದಿ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಮೊತ್ತಗಳನ್ನು ಲೆಕ್ಕಕ್ಕೆ ಸುಲಭವಾಗಲಿ ಎಂದು ದುಂಡಗೆ ಮಾಡಿದ್ದೇನೆ. ಬರೆಯಲು ಇಬ್ಬರೂ ಒಪ್ಪಿಗೆ ಕೊಟ್ಟಿದ್ದಾರೆ.

2023ರ ನವೆಂಬರ್. ಚಿಕ್ಕಮಗಳೂರಿನ ಸುತ್ತ ಅರೇಬಿಕಾ ಕಾಫಿ ಕೊಯ್ಲು ಶುರುವಾಗಿತ್ತು. ಮೊದಲ ದಿನ ಅಕ್ಕ ಒಬ್ಬರೇ ಬಂದರು. ನಲವತ್ತರ ಆಸುಪಾಸು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. "ಎರಡು ತಿಂಗಳಿಂದ ನಿದ್ದೆ ಬರ್ತಿಲ್ಲ ಮೇಡಂ" ಎಂದರು.

ಅವರ ಯಜಮಾನರು 19 ವರ್ಷ ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಇದ್ದವರು. ಕೆಲಸ ಬಿಟ್ಟಾಗ ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿ 6 ಲಕ್ಷ ಬಂದಿತ್ತು. ಅದಕ್ಕೆ ಬ್ಯಾಂಕಿನಿಂದ 5 ಲಕ್ಷ ಸಾಲ ಸೇರಿಸಿ, ಪೇಟೆಯ ದೊಡ್ಡ ರಸ್ತೆಯಲ್ಲಿ ಕಾಫಿ ಪುಡಿ ಅಂಗಡಿ ಇಡಬೇಕು ಎಂಬುದು ಅವರ ಆಸೆ. ಹುರಿಯುವ ಮೆಷಿನ್ ಮತ್ತು ಗ್ರೈಂಡರ್‌ಗೆ 6 ಲಕ್ಷ. ಅಡ್ವಾನ್ಸ್ ಮತ್ತು ಅಂಗಡಿಯ ಒಳಗಿನ ಕೆಲಸಕ್ಕೆ 2 ಲಕ್ಷ. ಉಳಿದ 3 ಲಕ್ಷ ಬೀಜಕ್ಕೆ. ಅಕ್ಕ ಏನಾದರೂ ಕೇಳಿದರೆ "ನೀನು ಶುರುವಿಗೇ ಅಡ್ಡಬಾಯಿ ಹಾಕ್ಬೇಡ" ಎನ್ನುತ್ತಿದ್ದರು. ಆಮೇಲೆ ಮನೆಯಲ್ಲಿ ಎರಡು ದಿನ ಮಾತಿಲ್ಲ.

ಅವತ್ತು ನಾನು ಒಂದು ತಪ್ಪು ಮಾಡಿದೆ. ಇದು ಗಂಡ ಹೆಂಡತಿ ಮಾತು ಬಿಟ್ಟ ಸಮಸ್ಯೆ ಎಂದುಕೊಂಡೆ. ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ ಕೂತು ಸಮಾಧಾನವಾಗಿ ಮಾತಾಡಿ ಎಂದು ಹೇಳಿ ಕಳಿಸಿದೆ. ಮಾತಾಡಿದರು. ಜಗಳ ಜಾಸ್ತಿ ಆಯಿತು. ಆಗಬೇಕಾದದ್ದೇ ಅದು. "ನಡೆಯುತ್ತೆ" ಎಂದು ಒಬ್ಬರು, "ನಡೆಯಲ್ಲ" ಎಂದು ಇನ್ನೊಬ್ಬರು. ನಡುವೆ ಹಿಡಿದುಕೊಳ್ಳಲು ಒಂದು ಅಂಕಿಯೂ ಇಲ್ಲ. ಈ ಆಪ್ತಸಲಹೆಯ ಕೆಲಸಕ್ಕೆ ಬರುವ ಮುಂಚೆ ಕೆಲವು ವರ್ಷ ನಾನು ಬ್ಯಾಂಕಿನಲ್ಲಿ ಸಣ್ಣ ಸಾಲಗಳ ಅರ್ಜಿ ನೋಡುತ್ತಿದ್ದವಳು. ನನಗೆ ಮೊದಲೇ ಹೊಳೆಯಬೇಕಿತ್ತು.

ಎರಡನೇ ಸಲ ಇಬ್ಬರೂ ಬಂದರು. ಯಜಮಾನರು ಕೈಕಟ್ಟಿ ಕೂತಿದ್ದರು. ನಾನು ಒಂದೇ ಪ್ರಶ್ನೆ ಕೇಳಿದೆ. "ಅಣ್ಣಾ, ದಿನಕ್ಕೆ ಎಷ್ಟು ಕೆಜಿ ಮಾರಿದರೆ ಗಿಟ್ಟುತ್ತೆ?"

"ಎಷ್ಟಾದ್ರೂ ಹೋಗುತ್ತೆ ಮೇಡಂ. ಬಾಬಾಬುಡನ್‌ಗಿರಿ ಬುಡದಲ್ಲಿ ಕೂತು ಕಾಫಿ ಪುಡಿ ಮಾರೋದಕ್ಕೆ ಲೆಕ್ಕ ಬೇಕಾ?"

"ಎಷ್ಟು ಹೋಗುತ್ತೆ ಅಂತ ಕೇಳ್ಲಿಲ್ಲ. ಎಷ್ಟು ಹೋದರೆ ಗಿಟ್ಟುತ್ತೆ ಅಂತ ಕೇಳಿದೆ."

ಅವರು ಸುಮ್ಮನಾದರು. ಅಕ್ಕ ಅವರ ಮುಖ ನೋಡಿದರು. ನಾನು ಬಿಳಿ ಹಾಳೆ ತೆಗೆದೆ.

ಬ್ರೇಕ್ ಈವನ್ ಎಂಬ ಪದವನ್ನು ಬ್ಯಾಂಕಿನ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಎಲ್ಲರೂ ಕಂಡಿರುತ್ತಾರೆ. ರಿಪೋರ್ಟ್ ಬರೆದುಕೊಡುವವರು ತುಂಬಿಸುತ್ತಾರೆ, ನಾವು ಸಹಿ ಹಾಕುತ್ತೇವೆ. ಅದು ಏನನ್ನು ಹೇಳುತ್ತದೆ ಎಂದು ಕೇಳುವವರು ಕಡಿಮೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಗಿಟ್ಟುವ ಗೆರೆ. ಅಷ್ಟು ಮಾರಿದ ದಿನ ಲಾಭವೂ ಇಲ್ಲ, ನಷ್ಟವೂ ಇಲ್ಲ. ಗೆರೆ ಎಲ್ಲಿದೆ ಎಂದು ತಿಳಿಯಲು ಎರಡು ವಿಷಯ ಗೊತ್ತಿದ್ದರೆ ಸಾಕು. ಅಂಗಡಿ ಬಾಗಿಲು ತೆಗೆದರೂ ತೆಗೆಯದಿದ್ದರೂ ತಿಂಗಳಿಗೆ ಬೀಳುವ ಖರ್ಚು ಎಷ್ಟು? ಒಂದು ಕೆಜಿ ಮಾರಿದರೆ, ಆ ಕೆಜಿಯ ಖರ್ಚು ಕಳೆದು ಕೈಯಲ್ಲಿ ಉಳಿಯುವುದು ಎಷ್ಟು? ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಎಷ್ಟು ಕೆಜಿ ಮಾರಬೇಕು ಎಂದು ಸಿಗುತ್ತದೆ.

ಒಂದು ಕೆಜಿಯಿಂದ ಶುರು ಮಾಡಿದೆವು. ಅವರು ಮಾರಬೇಕೆಂದಿದ್ದು 80:20 ಪುಡಿ. ಎಂಬತ್ತು ಪಾಲು ಕಾಫಿ, ಇಪ್ಪತ್ತು ಪಾಲು ಚಿಕೋರಿ. ಅರೇಬಿಕಾ, ರೊಬಸ್ಟಾ ಸೇರಿಸಿದ ಹಸಿ ಬೀಜ ಕೆಜಿಗೆ ಸರಾಸರಿ 300 ರೂಪಾಯಿ. ನಾನು 300ರ ಎಂಬತ್ತು ಪಾಲು 240 ಎಂದು ಬರೆದೆ. ಯಜಮಾನರ ಕೈ ಬಿಚ್ಚಿತು. ಪೆನ್ನು ಇಸಕೊಂಡರು.

"ಹಂಗಲ್ಲ ಮೇಡಂ. ಹುರಿದ್ರೆ ತೂಕ ಇಳಿಯುತ್ತೆ. ನೂರು ಕೆಜಿ ಹಾಕಿದ್ರೆ ಎಂಬತ್ತೆರಡು ಬಂದ್ರೆ ಪುಣ್ಯ."

ಸರಿ. ಬೀಜದಲ್ಲಿರುವ ನೀರು ಹುರಿಯುವಾಗ ಹೋಗುತ್ತದೆ. ಎಷ್ಟು ಕಪ್ಪಗೆ ಹುರಿದರೆ ತೂಕ ಅಷ್ಟು ಇಳಿಯುತ್ತದೆ. ಹಾಗಾಗಿ ಹುರಿದ ಬೀಜದ ಕೆಜಿ 300 ಅಲ್ಲ, 366. ಅದರ ಎಂಬತ್ತು ಪಾಲು 293. ಚಿಕೋರಿಗೆ 30. ಗ್ಯಾಸ್, ಕರೆಂಟು, ಕವರ್‌ಗೆ 17. ಒಟ್ಟು 340. ಮಾರುವ ಬೆಲೆ 460. ಕೈಯಲ್ಲಿ ಉಳಿಯುವುದು 120.

ನನ್ನ ತಪ್ಪು ಲೆಕ್ಕವೇ ಉಳಿದಿದ್ದರೆ ಕೆಜಿಗೆ 173 ಉಳಿಯುತ್ತಿತ್ತು. ಕಸುಬು ಗೊತ್ತಿಲ್ಲದವರು ಲೆಕ್ಕ ಹಾಕಿದರೆ ಹೀಗೇ ಆಗುವುದು. ಆ ಕ್ಷಣದಿಂದ ಹಾಳೆ ಅವರದಾಯಿತು. ಹತ್ತೊಂಬತ್ತು ವರ್ಷದ ಅನುಭವಕ್ಕೆ ಆ ಕೋಣೆಯಲ್ಲಿ ಮೊದಲ ಸಲ ಒಂದು ಜಾಗ ಸಿಕ್ಕಿತ್ತು. ಅಕ್ಕ ಕುರ್ಚಿ ಹತ್ತಿರ ಎಳೆದುಕೊಂಡರು.

ಮುಂದೆ ತಿಂಗಳ ಖರ್ಚು. ಯಜಮಾನರು ಬಾಡಿಗೆ 15,000, ಹುಡುಗನ ಸಂಬಳ 12,000 ಎಂದು ಬರೆದು ಗೆರೆ ಎಳೆದರು. 27,000. ಅದನ್ನು 120ರಿಂದ ಭಾಗಿಸಿದರೆ 225 ಕೆಜಿ. ದಿನಕ್ಕೆ ಒಂಬತ್ತು ಕೆಜಿಯೂ ಆಗಲಿಲ್ಲ. "ನೋಡಿದ್ಯಾ?" ಎಂದು ಹೆಂಡತಿ ಕಡೆ ತಿರುಗಿದರು.

ಅಕ್ಕ ಕೇಳಿದರು, "ಮೆಷಿನ್ ಸವೆಯಲ್ವಾ?"

ಮನೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡವರು ಅವರು. ಎಣ್ಣೆ, ಬೆಲ್ಟು, ಮೋಟರ್ ಎಲ್ಲ ಗೊತ್ತು. 6 ಲಕ್ಷದ ಮೆಷಿನ್ ಹತ್ತು ವರ್ಷ ಬಂತು ಎಂದಿಟ್ಟುಕೊಂಡರೆ ತಿಂಗಳಿಗೆ 5,000 ಸವೆತ. ಸಾಲದ ಬಡ್ಡಿ ಮೊದಲ ತಿಂಗಳುಗಳಲ್ಲಿ ಸುಮಾರು 4,500. ಕರೆಂಟಿನ ನಿಗದಿ ಶುಲ್ಕ, ಫೋನು, ನೀರು 2,500. ರಿಪೇರಿ, ಲೈಸೆನ್ಸು, ಲೆಕ್ಕ ಬರೆಯುವವರಿಗೆ 3,000. ಈಗ 42,000. ಗೆರೆ 350 ಕೆಜಿಗೆ ಹೋಯಿತು.

ಇಲ್ಲಿ ಒಂದು ಮಾತು. ಸಾಲದ ಕಂತು 10,800. ಅದರಲ್ಲಿ ಬಡ್ಡಿ ಮಾತ್ರ ಖರ್ಚು. ಉಳಿದ 6,300 ಅಸಲು, ಅದು ನಮ್ಮದೇ ಸಾಲ ಕರಗುವುದು. ಲೆಕ್ಕದ ಪುಸ್ತಕದಲ್ಲಿ ಅದು ಖರ್ಚಲ್ಲ. ಆದರೆ ಐದನೇ ತಾರೀಖು ಗಲ್ಲಾದಿಂದ ಹೋಗುವುದು ಪೂರ್ತಿ 10,800. ಆದ್ದರಿಂದ ಎರಡು ಗೆರೆ ಹಾಕಿಕೊಳ್ಳಿ ಎಂದು ನಾನು ಯಾವಾಗಲೂ ಹೇಳುತ್ತೇನೆ. ಒಂದು ವ್ಯಾಪಾರ ಗಿಟ್ಟುವ ಗೆರೆ, ಇನ್ನೊಂದು ಕಂತು ತಪ್ಪದ ಗೆರೆ. ಸವೆತದ 5,000 ತಿಂಗಳು ತಿಂಗಳು ಗಲ್ಲಾದಿಂದ ಹೋಗುವುದಿಲ್ಲವಾದ್ದರಿಂದ, ಇವರ ವಿಷಯದಲ್ಲಿ ಎರಡೂ ಹತ್ತಿರ ಹತ್ತಿರ ಇದ್ದವು.

"ಇನ್ನೇನಾದರೂ ಬಿಟ್ಟಿದೀವಾ?" ಎಂದು ಕೇಳಿದೆ. ಇಬ್ಬರೂ ಇಲ್ಲ ಎಂದರು.

"ಅಣ್ಣಾ, ನಿಮ್ಮ ಸಂಬಳ?"

"ನನ್ನ ಅಂಗಡಿಗೆ ನನಗೇನು ಸಂಬಳ ಮೇಡಂ? ಉಳಿದದ್ದೆಲ್ಲ ನಮ್ಮದೇ ಅಲ್ವಾ?"

ನಾನು ನೋಡಿದ ಸಣ್ಣ ಅಂಗಡಿಗಳಲ್ಲಿ ಜಾಸ್ತಿ ಜನ ಬಿಡುವುದು ಇದೊಂದನ್ನೇ. ಬೆಳಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ನಿಲ್ಲುವ ಮನುಷ್ಯನ ದುಡಿಮೆಗೆ ಬೆಲೆ ಹಾಕುವುದಿಲ್ಲ. ಅಂಗಡಿ ನಡೆಯುತ್ತಿದೆ ಎಂದುಕೊಳ್ಳುತ್ತಾರೆ. ಮನೆ ಮಾತ್ರ ಒಳಗೊಳಗೇ ಸೋರುತ್ತಿರುತ್ತದೆ. ಮೊದಲು ಕೈಗಡ, ಆಮೇಲೆ ಓಲೆ ಅಡ. ಮನೆ ನಡೆಸಲು ತಿಂಗಳಿಗೆ ಎಷ್ಟು ಬೇಕು ಎಂದು ಕೇಳಿದಾಗ ಯಜಮಾನರು ಉತ್ತರಿಸಲಿಲ್ಲ, ಅಕ್ಕ ಉತ್ತರಿಸಿದರು. 20,000. ಅದನ್ನು ಸೇರಿಸಿದೆವು. 62,000. ಗೆರೆ 517 ಕೆಜಿಗೆ ನಿಂತಿತು. 26 ದಿನ ಅಂಗಡಿ ತೆರೆದರೆ ದಿನಕ್ಕೆ 20 ಕೆಜಿ. ಕಾಲು ಕೆಜಿ ಲೆಕ್ಕದಲ್ಲಿ 80 ಪೊಟ್ಟಣ. ಹತ್ತು ಗಂಟೆ ವ್ಯಾಪಾರ ಎಂದರೆ ಏಳೂವರೆ ನಿಮಿಷಕ್ಕೆ ಒಂದು, ಊಟದ ಹೊತ್ತೂ ಬಿಡದೆ.

ಯಾರೂ ಮಾತಾಡಲಿಲ್ಲ. ಆಮೇಲೆ ಯಜಮಾನರು ತಲೆ ಬಗ್ಗಿಸಿ ಹೇಳಿದರು. ಆ ದೊಡ್ಡ ರಸ್ತೆಯ ಮಳಿಗೆಗೆ ಒಂದು ಲಕ್ಷ ಅಡ್ವಾನ್ಸ್ ಕೊಟ್ಟು ಮೂರು ವಾರ ಆಗಿದೆ ಎಂದು.

ಅಕ್ಕ ಅಳಲಿಲ್ಲ. "ಒಂದು ಲಕ್ಷಕ್ಕಲ್ಲ ಮೇಡಂ. ಹೇಳ್ಲಿಲ್ಲ ಅನ್ನೋದಕ್ಕೆ" ಎಂದರು. ಅವತ್ತು ನಾವು ಮತ್ತೆ ಲೆಕ್ಕ ಮುಟ್ಟಲಿಲ್ಲ. ಹತ್ತೊಂಬತ್ತು ವರ್ಷ ಒಂದೇ ಕಡೆ ದುಡಿದು, ಈಗ ಮನೆಯಲ್ಲಿ ಕೂತ ಗಂಡಸಿಗೆ ಬೆಳಗ್ಗೆ ಎದ್ದರೆ ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ ಎಷ್ಟು ದೊಡ್ಡದು ಎಂದು ಅವರೇ ಹೇಳಿಕೊಂಡರು. ಅಡ್ವಾನ್ಸ್ ಕೊಟ್ಟ ದಿನ ಅವರಿಗೆ ನಿದ್ದೆ ಬಂದಿತ್ತಂತೆ. ಅದೇ ದಿನದಿಂದ ಅಕ್ಕನಿಗೆ ಇನ್ನೂ ನಿದ್ದೆ ಕೆಟ್ಟಿತ್ತು. ಗಂಡ ಏನೋ ಮುಚ್ಚಿಡುತ್ತಿದ್ದಾರೆ ಎಂದು ಅವರಿಗೆ ಅನಿಸಿತ್ತು.

ಮೂರನೇ ಸಲ ಬಂದಾಗ ಯಜಮಾನರ ವಾದ ಬದಲಾಗಿತ್ತು. "ಒಂದು ಲಕ್ಷ ಹಾಕಾಗಿದೆ. ಈಗ ಬಿಟ್ಟರೆ ಅದು ಹೋಯ್ತು. ಮುಂದುವರಿಯಲೇಬೇಕು." ನಾನು ಖಡಾಖಂಡಿತವಾಗಿ ಬೇಡ ಎಂದೆ. ಸಾಮಾನ್ಯವಾಗಿ ನಾನು ಹಾಗೆ ಹೇಳುವವಳಲ್ಲ. ಕೊಟ್ಟ ದುಡ್ಡು ಮುಂದಿನ ಲೆಕ್ಕದೊಳಗೆ ಬರಬಾರದು. ಅದು ವಾಪಸ್ ಬಂದರೂ ಬರದಿದ್ದರೂ ದಿನಕ್ಕೆ 20 ಕೆಜಿ ಎಂಬ ಗೆರೆ ಒಂದು ಗ್ರಾಮೂ ಇಳಿಯುವುದಿಲ್ಲ. ಹೋಗಿ ಮಳಿಗೆ ಮಾಲೀಕರನ್ನು ಕೇಳಿ ಎಂದೆ. ಇಬ್ಬರೂ ಸೇರಿ ಹೋದರು. 70,000 ವಾಪಸ್ ಬಂತು. 30,000 ಹೋಯಿತು.

ಇನ್ನೊಂದು ಆಸೆಯೂ ಇತ್ತು, ಸಬ್ಸಿಡಿ. ಸಣ್ಣ ಆಹಾರ ಘಟಕಗಳಿಗೆ 2020ರಲ್ಲಿ ಶುರುವಾದ ಕೇಂದ್ರದ ಪಿಎಂಎಫ್‌ಎಂಇ ಯೋಜನೆ ಇತ್ತು. ಯೋಜನಾ ವೆಚ್ಚದ 35 ಪರ್ಸೆಂಟ್, ಗರಿಷ್ಠ 10 ಲಕ್ಷ. ಬ್ಯಾಂಕ್ ಸಾಲದ ಜೊತೆಗೇ ಸಿಗುವಂಥದ್ದು. ಒಳ್ಳೆಯ ಯೋಜನೆ, ಬೇಕಾದವರು ಈಗಲೂ ಇದೆಯೇ ಎಂದು ಖಂಡಿತ ವಿಚಾರಿಸಬೇಕು. ಆದರೆ ಇವರ ಗೆರೆಯನ್ನು ಅದು ಎಷ್ಟು ಇಳಿಸುತ್ತದೆ ಎಂದು ನೋಡಿದೆವು. ಮೆಷಿನ್ ಬೆಲೆಯಲ್ಲಿ 2.1 ಲಕ್ಷ ಕಡಿಮೆ ಎಂದರೆ ಸವೆತ, ಬಡ್ಡಿ ಸೇರಿ ತಿಂಗಳಿಗೆ ಸುಮಾರು 3,600 ಉಳಿತಾಯ. ಮೂವತ್ತು ಕೆಜಿ. 517 ಹೋಗಿ 487 ಆಯಿತು, ಅಷ್ಟೆ. ಬಾಡಿಗೆ, ಸಂಬಳ, ಬೀಜದ ಬೆಲೆ ಇದ್ದಲ್ಲೇ ಇವೆ.

ಹಾಗಾದರೆ 20 ಕೆಜಿ ಹೋಗುತ್ತದೋ ಇಲ್ಲವೋ? ಅದನ್ನು ನಾನು ಹೇಳಲಾರೆ, ರಸ್ತೆಯೇ ಹೇಳಬೇಕು. ಒಂದು ಸೋಮವಾರ, ಒಂದು ಬುಧವಾರ, ಒಂದು ಭಾನುವಾರ ಪೂರ್ತಿ ಪೇಟೆಯಲ್ಲಿ ಕೂತು ಎಣಿಸಿ ಬನ್ನಿ ಎಂದೆ. ಪುಡಿ ಅಂಗಡಿಯ ಎದುರಿನ ಹೋಟೆಲಿನಲ್ಲಿ ಕೂತರೆ ಎಷ್ಟು ಜನ ಪೊಟ್ಟಣ ಹಿಡಿದು ಹೊರಬರುತ್ತಾರೆ ಎಂದು ಕಾಣುತ್ತದೆ. ಅವರು ನಿಜಕ್ಕೂ ಹೋಗಿ ಕೂತರು. ಭಾನುವಾರ ಮುಳ್ಳಯ್ಯನಗಿರಿಗೆ ಬಂದ ಬೆಂಗಳೂರಿನವರಿಂದ ಎಲ್ಲ ಕಡೆ ನೂಕುನುಗ್ಗಲು. ಸೋಮವಾರ, ಬುಧವಾರ ಊರಿನವರು ಮಾತ್ರ. ಅವರಿಗೆ ಖಾಯಂ ಅಂಗಡಿ ಇದೆ, ಅಪ್ಪನ ಕಾಲದಿಂದ ಅಲ್ಲೇ ಕೊಳ್ಳುತ್ತಾರೆ. ಹೊಸ ಅಂಗಡಿಗೆ ಶುರುವಿನಲ್ಲಿ ಎಂಟು, ಹತ್ತು ಕೆಜಿ ಸಿಗಬಹುದು ಎಂದು ಯಜಮಾನರೇ ಹೇಳಿದರು. ನಾನು ಹೇಳಿದ್ದರೆ ಒಪ್ಪುತ್ತಿರಲಿಲ್ಲ.

ನನ್ನ ಸಲಹೆ ಇದು: ವ್ಯಾಪಾರ ಬಿಡಬೇಡಿ, ಗೆರೆಯನ್ನು ಕೆಳಗೆ ತನ್ನಿ. ಗಿರಾಕಿಯನ್ನು ಜಾಸ್ತಿ ಮಾಡುವುದು ನಮ್ಮ ಕೈಯಲ್ಲಿ ಪೂರ್ತಿ ಇಲ್ಲ. ಬಾಡಿಗೆ, ಸಾಲ, ಮೆಷಿನ್ ನಮ್ಮ ಕೈಯಲ್ಲಿವೆ. ಹುರಿಯುವ ಕೆಲಸವನ್ನು ಕೂಲಿಗೆ ಕೊಡಿ. ಅದಕ್ಕೆ ಕೆಜಿಗೆ 25 ರೂಪಾಯಿ ಜಾಸ್ತಿ ಬೀಳುತ್ತದೆ, ಉಳಿಯುವುದು 95. ಗ್ರೈಂಡರ್ ಮಾತ್ರ ನಿಮ್ಮದಿರಲಿ. ಗಿರಾಕಿ ಎದುರಿಗೇ ಪುಡಿ ಮಾಡಿದಾಗ ಬರುವ ಪರಿಮಳಕ್ಕಿಂತ ದೊಡ್ಡ ಬೋರ್ಡು ಇನ್ನೊಂದಿಲ್ಲ. ಸಾಲ ಬೇಡ, ಹುಡುಗ ಬೇಡ. ಒಳರಸ್ತೆಯಲ್ಲಿ 6,000 ಬಾಡಿಗೆಯ ಪುಟ್ಟ ಮಳಿಗೆ. ಎಲ್ಲ ಸೇರಿ ತಿಂಗಳ ಖರ್ಚು 9,500. ಅಂಗಡಿ ನಿಲ್ಲಲು 100 ಕೆಜಿ ಸಾಕು, ದಿನಕ್ಕೆ ನಾಲ್ಕು. ಮನೆಯ 20,000ದಲ್ಲಿ 9,000 ಹೊಲಿಗೆಯಿಂದ ಬರುತ್ತದೆ ಎಂದು ಅಕ್ಕ ಹೇಳಿದರು. ಉಳಿದ 11,000 ಯಜಮಾನರ ಸಂಬಳ. ಹಾಗೆ ನೋಡಿದರೆ 216 ಕೆಜಿ, ದಿನಕ್ಕೆ ಎಂಟೂ ಚಿಲ್ಲರೆ.

ಹೋಟೆಲುಗಳಿಗೂ ಹೋಂಸ್ಟೇಗಳಿಗೂ ಕೊಡುತ್ತೇನೆ ಎಂದರು. ಕೊಡಲಿ. ಆದರೆ ಅಲ್ಲಿ 420ಕ್ಕೆ ಕೊಟ್ಟರೆ ಉಳಿಯುವುದು 55 ಮಾತ್ರ. ದಿನಕ್ಕೆ ಮೂರು ಕೆಜಿ ಹೋಟೆಲಿಗೆ ಹೋದರೆ ಗೆರೆ 216ರಿಂದ 249ಕ್ಕೆ ಏರುತ್ತದೆ. ಕೆಜಿ ಲೆಕ್ಕ ನೋಡಿ ಖುಷಿಪಡುವ ಹಾಗಿಲ್ಲ, ಯಾವ ಕೆಜಿ ಎಂದೂ ನೋಡಬೇಕು. ಜೊತೆಗೆ ಅದು ಉದ್ರಿ. ಒಂದು ತಿಂಗಳ ಉದ್ರಿ ಎಂದರೆ 28,000 ರೂಪಾಯಿಯಷ್ಟು ಅಸಲು ಬೇರೆಯವರ ಡಬ್ಬದಲ್ಲಿ ಕೂತಿರುತ್ತದೆ. ಎರಡೇ ಹೋಟೆಲು, ಹದಿನೈದು ದಿನಕ್ಕೆ ಲೆಕ್ಕ ಚುಕ್ತಾ ಎಂದು ಅವರೇ ನಿಯಮ ಮಾಡಿಕೊಂಡರು.

2024ರ ಯುಗಾದಿಗೆ ಅಂಗಡಿ ಶುರುವಾಯಿತು. ನಂತರ ಆದದ್ದು ಕಾಫಿ ನಾಡಿನ ಎಲ್ಲರಿಗೂ ಗೊತ್ತು. ಬ್ರೆಜಿಲ್, ವಿಯೆಟ್ನಾಂನಲ್ಲಿ ಬರ ಬಿದ್ದು ಬೀಜದ ಬೆಲೆ ಏರುತ್ತಲೇ ಹೋಯಿತು. ಬೆಳೆಗಾರರಿಗೆ ಎಷ್ಟೋ ವರ್ಷದ ಮೇಲೆ ಒಳ್ಳೆಯ ಕಾಲ. ಪುಡಿ ಮಾರುವವರಿಗೆ ಸಂಕಟ. ಇವರಿಗೆ 300ಕ್ಕೆ ಸಿಗುತ್ತಿದ್ದ ಬೀಜ 400 ಆಯಿತು. ಅಕ್ಕ ಫೋನ್ ಮಾಡಿ, "ಮೇಡಂ, ಹಾಳೆ ತೆಗ್ದೆ. 460ಕ್ಕೇ ಮಾರಿದ್ರೆ ಕೆಜಿಗೆ ಎರಡು ರೂಪಾಯಿ ನಷ್ಟ ಬರ್ತಿದೆ. ಸರಿ ಇದೆಯಾ?" ಎಂದು ಕೇಳಿದರು. ಸರಿ ಇತ್ತು. ನೂರು ರೂಪಾಯಿ ಏರಿದ ಬೀಜ, ಹುರಿದ ಮೇಲೆ 122 ರೂಪಾಯಿ ಏರಿರುತ್ತದೆ. ಖರ್ಚು ಕೆಜಿಗೆ 462ಕ್ಕೆ ಬಂದಿತ್ತು. ಆ ಬೆಲೆಗೆ ಎಷ್ಟು ಮಾರಿದರೂ ಗಿಟ್ಟುವ ಗೆರೆ ಎಂಬುದೇ ಇಲ್ಲ. ಜಾಸ್ತಿ ಮಾರಿದಷ್ಟೂ ಜಾಸ್ತಿ ನಷ್ಟ.

ಅದೇ ಹೊತ್ತಿಗೆ ದೊಡ್ಡ ರಸ್ತೆಯ ಅಂಗಡಿ ಆಗಿದ್ದರೆ? ಸ್ವಂತ ಮೆಷಿನ್ ಇದ್ದುದರಿಂದ ಕೆಜಿಗೆ 23 ರೂಪಾಯಿ ಉಳಿಯುತ್ತಿತ್ತು, ನಿಜ. ಆದರೆ 62,000 ಖರ್ಚಿಗೆ ದಿನಕ್ಕೆ ನೂರು ಕೆಜಿಗೂ ಮೇಲೆ ಮಾರಬೇಕಿತ್ತು. ಈ ಲೆಕ್ಕವನ್ನು ಯಜಮಾನರು ತಾವೇ ಹಾಕಿ ನನಗೆ ತೋರಿಸಿದರು. ಗೆರೆಯನ್ನು ಒಮ್ಮೆ ಎಳೆದು ಗೋಡೆಗೆ ಅಂಟಿಸಿ ಮರೆಯುವ ಹಾಗಿಲ್ಲ. ಬೀಜ ಕೊಂಡಾಗಲೆಲ್ಲ ಎಳೆಯಬೇಕು. ಅವರು ಬೆಲೆಯನ್ನು ಮೂರು ಸಲ ಸ್ವಲ್ಪ ಸ್ವಲ್ಪ ಏರಿಸಿ 560ಕ್ಕೆ ತಂದರು, ಪ್ರತಿ ಸಲವೂ ಗಿರಾಕಿಗೆ ಕಾರಣ ಹೇಳಿ. ಕೈಗೆಟುಕದವರಿಗೆ 70:30 ಪುಡಿ ಮಾಡಿದರು, ಕಾಲು ಕೆಜಿಗೆ ಹತ್ತು ರೂಪಾಯಿ ಕಡಿಮೆ. ಚಿಕೋರಿ 30 ಪರ್ಸೆಂಟ್ ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಿಸಿದರು. ಕಾನೂನೂ ಅದನ್ನೇ ಹೇಳುತ್ತದೆ. ಮಿಶ್ರಣದಲ್ಲಿ ಕಾಫಿ 51 ಪರ್ಸೆಂಟಿಗಿಂತ ಕಡಿಮೆ ಇರಬಾರದು, ಎಷ್ಟಿದೆ ಎಂದು ಬರೆದಿರಬೇಕು. ಬೆಲೆ ಏರಿದಾಗ ಹೇಳದೆ ಚಿಕೋರಿ ಏರಿಸುವ ದಾರಿ ಸುಲಭ. ಅವರು ಆ ದಾರಿ ಹಿಡಿಯಲಿಲ್ಲ. ಅದಕ್ಕೆ ನನಗೆ ಅವರ ಮೇಲೆ ತುಂಬ ಗೌರವ.

ಕೊನೆಯ ಸಲ ಬಂದದ್ದು 2025ರ ಶುರುವಿನಲ್ಲಿ. ಅಕ್ಕನ ಕೈಯಲ್ಲಿ ಉದ್ದ ಪುಸ್ತಕ. ಹಿಂದಿನ ತಿಂಗಳು 250 ಕೆಜಿ ಹೋಗಿತ್ತು. "ಇವರ ಸಂಬಳ" ಎಂಬ ಸಾಲಿನಲ್ಲಿ 11,500 ಎಂದಿತ್ತು. ನಿದ್ದೆ ಹೇಗಿದೆ ಎಂದು ಕೇಳಿದೆ. ಬರ್ತಿದೆ ಎಂದರು.

ಯಜಮಾನರು ಇನ್ನೊಂದು ಹಾಳೆ ತೆಗೆದರು. ಈಗ ಹುರಿಯುವ ಮೆಷಿನ್ ಕೊಳ್ಳಬಹುದೇ ಎಂಬ ಪ್ರಶ್ನೆ. 4 ಲಕ್ಷದ ಮೆಷಿನ್, 3 ಲಕ್ಷ ಸಾಲ. ಸವೆತ, ಬಡ್ಡಿ ಸೇರಿ ತಿಂಗಳಿಗೆ 6,000. ಕೂಲಿಗೆ ಕೊಡುತ್ತಿದ್ದ 25 ರೂಪಾಯಿ ಉಳಿಯುತ್ತದೆ. 6,000ವನ್ನು 25ರಿಂದ ಭಾಗಿಸಿ 240 ಎಂದು ಬರೆದಿದ್ದರು. ಮಾರುತ್ತಿರುವುದು 250. ಹತ್ತು ಕೆಜಿ ಮೇಲೇ ಇದ್ದೇವೆ ಅಲ್ವಾ ಎಂದು ನನ್ನನ್ನು ನೋಡಿದರು.

ನಾನು ಬಾಯಿ ತೆರೆಯುವ ಮುಂಚೆ ಅಕ್ಕ ಹೇಳಿದರು. "ಹತ್ತೇ ಕೆಜಿ ರೀ. ಮಳೆಗಾಲದಲ್ಲಿ ಒಂದು ವಾರ ರಸ್ತೆ ಕಟ್ಟಾದ್ರೆ ಅದು ಹೋಯ್ತು. 320 ದಾಟಲಿ, ತಗೊಳ್ಳೋಣ."

ಯಜಮಾನರು ಹಾಳೆಯ ಮೂಲೆಯಲ್ಲಿ 320 ಎಂದು ಬರೆದು, ಮಡಿಸಿ ಜೇಬಿಗೆ ಹಾಕಿಕೊಂಡರು.